ಕೀ ಕೊಡುವವರ ಡಬ್ಬಿ

ಬೆಳಿಗ್ಗೆ ಎದ್ದು ಸ್ನಾನ, ದೇವರಿಗೆ ದೀಪ, ಆಮೇಲೆ ಡಬ್ಬಿಗೆ ಕೀ, ಅದಾದ ಮೇಲೆ ಕಾಫಿ. ರಾಜಾಜಿನಗರದ ನಮ್ಮ ಮನೆಯಲ್ಲಿ ಈ ಕ್ರಮ ತಪ್ಪಿದ್ದಿಲ್ಲ. ನನಗೆ ಜ್ವರ ಬಂದಾಗಲೂ ತಪ್ಪಲಿಲ್ಲ, ಅಪ್ಪ ತೀರಿಕೊಂಡ ಮರುದಿನವೂ ಕೀ ತಪ್ಪಲಿಲ್ಲ. ಸೂತಕದಲ್ಲಿ ದೀಪ ಹಚ್ಚುವ ಹಾಗಿಲ್ಲ ಎಂದರು, ಹಚ್ಚಲಿಲ್ಲ. ಕೀ ಕೊಡಬಾರದು ಎಂದು ಯಾರೂ ಹೇಳಲಿಲ್ಲ, ಕೊಟ್ಟೆ.

ಡಬ್ಬಿ ಎಂದರೆ ನಶ್ಯದ ಡಬ್ಬಿ. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಚಿನ್ನದ್ದು, ಮೈಮೇಲೆಲ್ಲ ಕಡುನೀಲಿ ಎನಾಮೆಲ್, ಅಂಚಿಗೆ ಬಿಳಿಯ ಪುಟ್ಟ ಹೂಗಳ ಸಾಲು. ಮುಚ್ಚಳದ ನಡುವೆ ಕೋಟಿನ ಗುಂಡಿಯಷ್ಟು ಅಗಲದ ಗಡಿಯಾರ. ಮುಚ್ಚಳ ಎತ್ತಿದರೆ ಒಳಗಿನಿಂದ ಸಂಗೀತ. ಎರಡಕ್ಕೂ ಒಂದೇ ಕೀ. ಬಂದವರೆಲ್ಲ ಮಾಯೆ ಎನ್ನುತ್ತಿದ್ದರು. ಮಾಯೆ ಏನಿಲ್ಲ. ಒಳಗೊಂದು ಹಿತ್ತಾಳೆಯ ಉರುಳೆ ಇದೆ, ಅದರ ತುಂಬ ಕೂದಲಿನಷ್ಟು ಸಣ್ಣ ಮುಳ್ಳುಗಳು. ಎದುರಿಗೆ ಉಕ್ಕಿನ ಬಾಚಣಿಗೆ. ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಉರುಳೆಯನ್ನು ತಿರುಗಿಸುತ್ತದೆ, ಮುಳ್ಳು ಬಾಚಣಿಗೆಯ ಹಲ್ಲನ್ನು ಮೀಟುತ್ತದೆ.

ಅಪ್ಪನ ತಾತ ಅರಮನೆಯಲ್ಲಿ ಗಡಿಯಾರಗಳಿಗೆ ಕೀ ಕೊಡುವ ಚಾಕರಿಯಲ್ಲಿದ್ದರಂತೆ. ಎಲ್ಲಿಂದಲೋ ಹಡಗಿನಲ್ಲಿ ಬಂದ ಈ ಡಬ್ಬಿಯನ್ನು ಯಾರೋ ದೊಡ್ಡವರು ಮೆಚ್ಚಿ ಅವರ ಕೈಗೆ ಹಾಕಿದರಂತೆ. ಈ 'ಅಂತೆ'ಗಳಿಗೆ ಆಧಾರ ಕೇಳಿದರೆ ನನ್ನಲ್ಲಿಲ್ಲ. ಆದರೆ ಡಬ್ಬಿಯ ಜೊತೆಗೆ ಒಂದು ಕಟ್ಟಳೆಯೂ ಬಂತು, ಅದು ಮಾತ್ರ ಗಟ್ಟಿ: ಕೀ ಕೊಡುವವರದೇ ಡಬ್ಬಿ. ಹಿರಿಯ ಮಗ ಕಿರಿಯ ಮಗ ಎಂಬ ಲೆಕ್ಕವಿಲ್ಲ. ನಮ್ಮ ತಾತ ಮೂರನೆಯವರು. ಇಬ್ಬರು ಅಣ್ಣಂದಿರಿದ್ದೂ ಡಬ್ಬಿ ಅವರಿಗೆ ಬಂದದ್ದು, ಆ ಇಬ್ಬರಿಗೂ ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿಲ್ಲದ್ದರಿಂದ.

ನಾನು ಓದು ಮುಗಿಸಿ ಗಡಿಯಾರ ಕಾರ್ಖಾನೆಯ ಅಸೆಂಬ್ಲಿ ವಿಭಾಗಕ್ಕೆ ಸೇರಿದೆ. ಸೈರನ್ ಆಗುವ ಹೊತ್ತಿಗೆ ಬಿಳಿ ಕೋಟು ತೊಟ್ಟು, ಕೂದಲನ್ನು ಟೋಪಿಯೊಳಗೆ ತುರುಕಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತಿರಬೇಕು. ಹೂ ಮುಡಿಯುವ ಹಾಗಿಲ್ಲ, ಪೌಡರ್ ಹಚ್ಚುವ ಹಾಗಿಲ್ಲ, ಚಕ್ರಗಳ ನಡುವೆ ಒಂದು ಕಣ ಬಿದ್ದರೂ ಗಡಿಯಾರ ನಿಲ್ಲುತ್ತದೆ. ಜೊತೆಯವರು ಇದನ್ನು ಜೈಲು ಎನ್ನುತ್ತಿದ್ದರು. ನನಗೆ ಒಗ್ಗಿತು. ಕೆಲಸ ಕಾಯಂ ಆದ ದಿನ ಅಪ್ಪ ಡಬ್ಬಿಯ ಕೀಯನ್ನು ನನ್ನ ಕೈಗಿಟ್ಟರು.

"ಇನ್ಮೇಲೆ ನೀನೇ ಕೊಡು. ಗಡಿಯಾರ ಮುಟ್ಟೋಕೆ ಸಂಬಳ ಕೊಟ್ಟು ಕರೀತಾರೆ ಅಂದ್ಮೇಲೆ ನಿನ್ನ ಕೈ ನನ್ನ ಕೈಗಿಂತ ಸರಿಯಾಗಿದೆ ಅಂತ ತಾನೇ?"

ಅಣ್ಣ ಅಲ್ಲೇ ಪೇಪರ್ ಓದುತ್ತಿದ್ದ. "ಸದ್ಯ, ನನ್ನ ತಲೆಗೆ ಕಟ್ಲಿಲ್ವಲ್ಲ," ಎಂದ. ಈ ಮಾತನ್ನು ಅವನು ಮರೆತಿದ್ದಾನೆ.

ನಾನು ಮದುವೆಯಾಗಲಿಲ್ಲ. ಅದರ ಕಾರಣಗಳಿಗೆ ಇಲ್ಲಿ ಜಾಗವಿಲ್ಲ. ಅಣ್ಣ ಬ್ಯಾಂಕಿನ ಕೆಲಸ ಹಿಡಿದು, ಮದುವೆಯಾಗಿ, ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿಕೊಂಡು ಹೋದ. ಅಮ್ಮ ಹೋದ ಮೇಲೆ ಅಪ್ಪ, ನಾನು, ಡಬ್ಬಿ.

ಅಪ್ಪ ಪಕ್ಕಾ ನಶ್ಯದ ಮನುಷ್ಯ. ಆದರೆ ನಶ್ಯವನ್ನು ಈ ಡಬ್ಬಿಗೆ ಎಂದೂ ಹಾಕಿದವರಲ್ಲ. ಅದಕ್ಕೆ ಬೇರೆ ತಗಡಿನ ಡಬ್ಬಿ ಇತ್ತು. ಚಿನ್ನದ ಡಬ್ಬಿಯ ಒಳಮುಚ್ಚಳದ ಸಂದು ಸವೆದಿತ್ತು, ಪುಡಿ ಹಾಕಿದರೆ ನೇರ ಯಂತ್ರಕ್ಕೆ ಇಳಿಯುತ್ತದೆ. ಸಂಜೆ ಕುರ್ಚಿಯಲ್ಲಿ ಕೂತು, ಚಿನ್ನದ ಡಬ್ಬಿಯ ಮುಚ್ಚಳ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, ತಗಡಿನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಏರಿಸುತ್ತಿದ್ದರು. ಹಾಡು ಮುಗಿಯುವವರೆಗೆ ಸೀನನ್ನು ತಡೆದು ಹಿಡಿಯುತ್ತಿದ್ದರು. ಅದೊಂದು ವಿದ್ಯೆ.

"ಹಂಸಧ್ವನಿ," ಎನ್ನುತ್ತಿದ್ದರು. "ಎಲ್ಲೋ ಕಡಲಾಚೆ ಕೂತ ಬಿಳಿಯನಿಗೆ ಹಂಸಧ್ವನಿ ಹೇಗೆ ಹೊಳೀತು ನೋಡು."

ಬಿಳಿಯನಿಗೆ ಹೊಳೆದದ್ದು ಹಂಸಧ್ವನಿಯಲ್ಲ. ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ಎಣ್ಣೆ ಹಾಕುವಾಗ ನಾನು ನೋಡಿದ್ದೆ. ಬಾಚಣಿಗೆಯಲ್ಲಿ ಮಧ್ಯಮದ ಹಲ್ಲೂ ಧೈವತದ ಹಲ್ಲೂ ಯಾವ ಕಾಲದಲ್ಲೋ ಮುರಿದು ಹೋಗಿದ್ದವು. ಏಳು ಸ್ವರಗಳ ಹಾಡು ಎರಡನ್ನು ಕಳೆದುಕೊಂಡು ನಮ್ಮ ರಾಗವಾಗಿತ್ತು. ಹೊಸ ಹಲ್ಲು ಕೂಡಿಸುವುದು ಆಗದ ಮಾತೇನಲ್ಲ. ಅಪ್ಪನಿಗೆ ಹೇಳಿದೆ. ಅವರು ನಕ್ಕು, "ಬೇಡ. ಹಲ್ಲು ಬಿದ್ದ ಮೇಲೆ ಒಳ್ಳೇ ರಾಗ ಹಾಡೋದು ಕಲ್ತಿದೆ, ಹಾಡ್ಲಿ ಬಿಡು," ಎಂದರು. ಅವರ ಬಾಯಲ್ಲೂ ಆಗ ಹಲ್ಲಿರಲಿಲ್ಲ.

ಕೊನೆಯ ವರ್ಷ ಹಾಸಿಗೆ ಹಿಡಿದರು. ಒಂದು ಭಾನುವಾರ ಅಣ್ಣ ಅತ್ತಿಗೆ ಇಬ್ಬರೂ ಮಂಚದ ಪಕ್ಕದಲ್ಲಿದ್ದಾಗ, "ಡಬ್ಬಿ ಅವಳಿಗೆ. ಕೀ ಕೊಡೋಳು ಅವಳು," ಎಂದು ಅಪ್ಪ ಬಿಡಿಸಿ ಹೇಳಿದರು. "ಆಯ್ತಪ್ಪ, ಅದಕ್ಕೇನಂತೆ," ಎಂದ ಅಣ್ಣ. ಮನೆಯ ವಿಷಯ ಅಪ್ಪ ಮೊದಲೇ ಕಾಗದ ಮಾಡಿಸಿ ಮುಗಿಸಿದ್ದರು. ಡಬ್ಬಿಯನ್ನು ಮಾತ್ರ ಬಾಯಿಮಾತಿಗೆ ಬಿಟ್ಟರು.

ಹನ್ನೆರಡನೆಯ ದಿನದ ಕರ್ಮದಲ್ಲಿ ದಾನಗಳಿರುತ್ತವೆ. ಹೋದವರಿಗೆ ಮುಟ್ಟಲಿ ಎಂದು ಕೊಡೆ, ಚಪ್ಪಲಿ, ಹಾಸಿಗೆ, ಧಾನ್ಯ ಕೊಡುತ್ತಾರೆ. ಹಿರಣ್ಯದಾನ ಎಂದು ಚಿನ್ನವನ್ನೂ ಕೊಡಬೇಕು. ಅದಕ್ಕೆ ಎಲ್ಲರೂ ಗುಲಗಂಜಿಯಷ್ಟು ಏನಾದರೂ ಎಲೆಯ ಮೇಲಿಟ್ಟು ಮುಗಿಸುತ್ತಾರೆ. ನಾನು ಒಳಗೆ ಮಡಿಯಲ್ಲಿ ವಡೆ ಕರಿಯುತ್ತಿದ್ದೆ. ಹಜಾರದಲ್ಲಿ ಗಂಡಸರು, ಅಡುಗೆಮನೆಯಲ್ಲಿ ಹೆಂಗಸರು, ನಡುವೆ ಹೊಗೆ. ಪುರೋಹಿತರ ಮಂತ್ರ ಕೇಳಿಸುತ್ತಿತ್ತು. ಮಂತ್ರ ನಿಂತಿತು. ಆಮೇಲೆ ಕೇಳಿಸಿದ್ದು ಹಂಸಧ್ವನಿ.

ನನ್ನ ಕೈಯ ಜಾಲರಿ ಸೌಟು ಬಾಣಲೆಯ ಮೇಲೆ ಹಾಗೇ ನಿಂತಿತು. ಬೆಳಿಗ್ಗೆ ಕೀ ಕೊಟ್ಟವಳು ನಾನೇ. ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ಹಾಡಿತು. ಹಾಡು ಮುಗಿದ ಮೇಲೆ ಚಿಕ್ಕಪ್ಪನ ದನಿ ಎದ್ದಿತು: "ಭಲೇ! ಮಗ ಅಂದ್ರೆ ಹಿಂಗಿರ್ಬೇಕು ಕಣೋ. ಅಪ್ಪನ ಪ್ರಾಣದಂಥ ವಸ್ತುನೇ ಧಾರೆ ಎರೆದುಬಿಟ್ಟ."

ಬಾಗಿಲಿಗೆ ಬಂದು ನೋಡಿದೆ. ಡಬ್ಬಿ ವೀಳ್ಯದೆಲೆಯ ಮೇಲೆ, ಪುರೋಹಿತರ ಕೈಯಲ್ಲಿತ್ತು. ಅಣ್ಣನ ಕೈಯಿಂದ ಧಾರೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ನನ್ನತ್ತ ನೋಡಿ ಕಣ್ಣು ತುಂಬಿಕೊಂಡ. "ಅಪ್ಪಂಗೆ ಇಷ್ಟವಾಗಿದ್ದು ಅಪ್ಪಂಗೇ ಸೇರ್ಲಿ ಅಂತ ಕಣೇ," ಎಂದ. ಮೂವತ್ತು ಜನ ನಂಟರ ಮುಂದೆ, ಅಪ್ಪನ ಪಿಂಡದ ಮುಂದೆ, ಏನು ಹೇಳಬೇಕು? ದಾನ ಕೊಟ್ಟದ್ದನ್ನು ವಾಪಸು ಕೇಳಬಾರದು, ಹೋದವರಿಗೆ ತಲುಪುವುದಿಲ್ಲ ಎಂಬುದು ನಮ್ಮ ಮನೆಯ ಕೂಸಿಗೂ ಗೊತ್ತು. ಒಳಗೆ ಬಂದೆ. ವಡೆ ಸೀದಿತ್ತು. ಅತ್ತಿಗೆ ಮೂಗು ಮುಚ್ಚಿಕೊಂಡು, "ಗಮನ ಎಲ್ಲಿ ನಿಂದು?" ಎಂದಳು.

ಕೆಲವು ದಿನ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಕೈ ತಾನಾಗಿ ಡಬ್ಬಿ ಇರುತ್ತಿದ್ದ ಗೂಡಿನ ಕಡೆ ಹೋಗುತ್ತಿತ್ತು. ಕೀ ನನ್ನ ಹತ್ತಿರವೇ ಉಳಿದಿತ್ತು, ನನ್ನ ಹಳೆಯ ಚಿಮಟ, ಭೂತಗನ್ನಡಿಗಳ ಜೊತೆ ಚರ್ಮದ ಚೀಲದಲ್ಲಿ. ಅಪ್ಪನಿಗೆ ತಲುಪಿದೆ ಎಂದು ಮನಸ್ಸಿಗೆ ಒಪ್ಪಿಸಿದೆ. ಅದು ಒಪ್ಪಿಯೂಬಿಟ್ಟಿತು, ಅಣ್ಣನ ಬಗ್ಗೆ ಸ್ವಲ್ಪ ಗೌರವ ಕೂಡ ಹುಟ್ಟಿತು. ಆದರೆ ಒಂದು ಚಿಂತೆ ಬಿಡಲಿಲ್ಲ. ಓಡಿಸದೆ ಇಟ್ಟ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗುತ್ತದೆ. ಪುರೋಹಿತರಿಗೆ ಅದು ಗೊತ್ತಿರುತ್ತದೆಯೇ? ಚೀಲ ತೆಗೆದುಕೊಂಡು ಚಂದ್ರಾ ಲೇಔಟಿಗೆ ಬಸ್ಸು ಹತ್ತಿದೆ.

ಅವರ ಮನೆಯ ಮುಂದಿನ ಕೋಣೆ ಕೊಡೆಗಳ ಅಂಗಡಿಯಂತಿತ್ತು. ಪ್ಲಾಸ್ಟಿಕ್ ಕವರು ಬಿಚ್ಚದ ಕೊಡೆಗಳು, ಹೊಸ ಚಪ್ಪಲಿ, ಸುತ್ತಿಟ್ಟ ಹಾಸಿಗೆ, ಒಂದರೊಳಗೊಂದು ಕೂತ ತಾಮ್ರದ ಚೊಂಬುಗಳು. ಯಾರ ಯಾರ ಅಪ್ಪಂದಿರವೋ.

"ಬನ್ನಿ ತಾಯಿ, ಆ ಕೊಡೆ ಈ ಕಡೆ ತಳ್ಳಿ ಕೂತ್ಕೊಳ್ಳಿ," ಎಂದರು.

"ಶಾಸ್ತ್ರಿಗಳೇ, ವಾಪಸ್ ಕೇಳೋಕೆ ಬಂದಿಲ್ಲ. ಅದಕ್ಕೆ ಕೀ ಕೊಡ್ದೇ ಇದ್ರೆ ಹಾಳಾಗತ್ತೆ. ನೀವು ಬೇಜಾರು ಮಾಡ್ಕೊಳ್ದಿದ್ರೆ ವಾರಕ್ಕೊಂದ್ಸಲ ಬಂದು ಕೊಟ್ಟು ಹೋಗ್ತೀನಿ. ಕಾಫಿ ಏನೂ ಬೇಡ."

"ಯಾವುದಕ್ಕೆ ಕೀ?"

"ಡಬ್ಬಿಗೆ."

ಅವರು ನನ್ನ ಮುಖವನ್ನೇ ನೋಡಿದರು. "ಅಯ್ಯೋ, ಅದು ನನ್ನ ಹತ್ರ ಎಲ್ಲಿದೆ ತಾಯಿ? ಅವತ್ತೇ ನಿಮ್ಮಣ್ಣ ನಿಷ್ಕ್ರಯ ಕೊಟ್ಟು ತಗೊಂಡ್ರಲ್ಲ. ನೀವು ಬಡಿಸ್ತಾ ಇದ್ರಿ. ಕಾರ್ ಹತ್ರ ಕರ್ಕೊಂಡ್ಹೋಗಿ ಕೊಟ್ರು."

ನಿಷ್ಕ್ರಯ ಎಂದರೆ ವಸ್ತುವಿನ ಬದಲಿಗೆ ಕೊಡುವ ಬೆಲೆ. ಗೋದಾನಕ್ಕೆ ಈ ಊರಿನಲ್ಲಿ ಯಾರೂ ಹಸು ತರುವುದಿಲ್ಲ. ಒಂದಿಷ್ಟು ದುಡ್ಡು ಕೊಟ್ಟರೆ ಹಸು ಕೊಟ್ಟ ಹಾಗೆ. ತಂದ ಹಸುವನ್ನೇ ಬೆಲೆ ಕೊಟ್ಟು ಮತ್ತೆ ಮನೆಗೆ ಹೊಡೆದುಕೊಂಡು ಹೋಗುವುದೂ ಉಂಟು. ಹಸುವಿಗೆ ಇದ್ದ ದಾರಿ ಡಬ್ಬಿಗೂ ಇದೆ ಎಂದು ನನಗೆ ಹೊಳೆದಿರಲಿಲ್ಲ. ಬ್ಯಾಂಕಿನವನಿಗೆ ಹೊಳೆದಿತ್ತು.

"ಎಲ್ಲಾ ಮೊದ್ಲೇ ಮಾತಾಗಿತ್ತು. ನಿಮಗೂ ಗೊತ್ತು ಅಂದ್ಕೊಂಡೆ," ಎಂದರು ಪುರೋಹಿತರು. "ನಾನೇನು ಚಿನ್ನದ ಡಬ್ಬಿ ಇಟ್ಕೊಂಡು ನಶ್ಯ ಏರಿಸ್ಲಾ? ನನಗೆ ಅಗರಬತ್ತಿಗೇ ಸೀನು."

"ನಮ್ಮಪ್ಪ ಅದನ್ನ ನನಗೆ ಅಂತ ಹೇಳಿದ್ರು."

ಅವರು ಪಾಠ ಹೇಳುವವರ ದನಿಯಲ್ಲಿ ಹೇಳಿದರು: "ಅಪ್ಪನ ವಸ್ತು ದಾನಕ್ಕೆ ಹೋಯ್ತು. ಅಲ್ಲಿಗೆ ಅಪ್ಪನ ಋಣ ಮುಗೀತು. ನಿಮ್ಮಣ್ಣ ತಗೊಂಡಿದ್ದು ನನ್ನ ವಸ್ತುನ. ಶಾಸ್ತ್ರ ಕೇಳಿದ್ರೆ ಇಷ್ಟೇ ಹೇಳತ್ತೆ. ಶಾಸ್ತ್ರ ಬಿಟ್ಟು ಕೇಳಿದ್ರೆ, ನನ್ನ ಯಾಕೆ ತಾಯಿ ಕೇಳ್ತೀರಿ?"

ಅಲ್ಲಿಂದ ನೇರ ಬಸವೇಶ್ವರನಗರಕ್ಕೆ ಆಟೋ ಹಿಡಿದೆ. ಹೇಳದೆ ಕೇಳದೆ ಯಾರ ಮನೆಗೂ ಹೋದವಳಲ್ಲ, ಅವತ್ತು ಹೋದೆ. ಡಬ್ಬಿ ಹಾಲಿನ ಶೋಕೇಸಿನಲ್ಲಿತ್ತು. ಬ್ಯಾಂಕಿನವರು ಬೀಳ್ಕೊಡುವಾಗ ಕೊಟ್ಟ ಫಲಕದ ಪಕ್ಕ, ಪುಟ್ಟದೊಂದು ದೀಪ ಅದರ ಮೇಲೇ ಬೀಳುವ ಹಾಗೆ. ಗಡಿಯಾರ ನಿಂತಿತ್ತು. ಅಣ್ಣ ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದ. ನನ್ನನ್ನೂ, ನಾನು ನೋಡುತ್ತಿದ್ದುದನ್ನೂ ನೋಡಿ ಟಿವಿ ಆರಿಸಿದ.

"ಅಪ್ಪ ಹೇಳಿದ್ದು ನಿನ್ನ ಮುಂದೇನೇ," ಎಂದೆ.

"ಅಪ್ಪ ಹೇಳಿದ್ದು ಅಪ್ಪನ ಡಬ್ಬಿ ವಿಷ್ಯ ಕಣೇ. ಅದನ್ನ ಎಲ್ಲರ ಮುಂದೆ ದಾನ ಕೊಟ್ಟಾಯ್ತು. ನೀನೂ ಬಾಗಿಲಲ್ಲಿ ನಿಂತು ನೋಡಿದೀಯ, ಬೇಡ ಅನ್ನಲಿಲ್ಲ. ಇದು ನಾನು ದುಡ್ಡು ಕೊಟ್ಟು ಕೊಂಡ್ಕೊಂಡಿದ್ದು."

ಅತ್ತಿಗೆ ಕಾಫಿ ತಂದಳು. "ನಿಂಗ್ಯಾಕೆ ಚಿನ್ನ? ಕೈಗೆರಡು ಬಳೆ ಹಾಕ್ಕೋ ಅಂದ್ರೂ ಹಾಕ್ಕೊಳ್ಳಲ್ಲ. ನಾಳೆ ನಿನ್ನ ನಂತರ ಅದು ಯಾರಿಗೆ ಹೋಗ್ಬೇಕು, ಹೇಳು? ಇಲ್ಲಿಗೇ ತಾನೆ? ಸ್ವಲ್ಪ ಮುಂಚೆ ಬಂತು ಅಂದ್ಕೋ."

ಕಾಫಿ ಮುಟ್ಟಲಿಲ್ಲ. ಎದ್ದಾಗ ಅಣ್ಣ ಬಾಗಿಲವರೆಗೆ ಬಂದ. ದನಿ ತಗ್ಗಿಸಿ, "ಅಂದ ಹಾಗೆ, ಕೀ ನಿನ್ನ ಹತ್ರ ಇದೆಯಲ್ಲ? ಕೊಟ್ಟು ಹೋಗು," ಎಂದ.

"ಅದನ್ನ ನೀನು ದಾನ ಕೊಡೋಕೆ ಮರೆತೆ," ಎಂದೆ.

ಅದೇ ನಾನು ಅವನಿಗೆ ಕೊಟ್ಟ ಒಂದೇ ಒಂದು ಏಟು. ದಾರಿಯುದ್ದಕ್ಕೂ ಅದನ್ನು ನೆನೆದು ಖುಷಿಪಟ್ಟೆ.

ಕೆಲವು ತಿಂಗಳು ಮಾತಿರಲಿಲ್ಲ. ಒಂದು ದಿನ ಅತ್ತಿಗೆಯ ಫೋನ್. "ಒಂದ್ಸಲ ಬಂದು ಹೋಗ್ತೀಯಾ? ನಿಮ್ಮಣ್ಣ ಅದನ್ನ ಬಿಚ್ಚಿಬಿಟ್ಟಿದಾರೆ." ಚರ್ಮದ ಚೀಲ ತೆಗೆದುಕೊಂಡು ಹೊರಟೆ. ಕೀಯೂ ಅದರಲ್ಲೇ ಇತ್ತು. ಒಂದು ಮಾತು ಕೇಳಿದ್ದರೆ ಬಹುಶಃ ಅವತ್ತು ಕೊಟ್ಟುಬಿಡುತ್ತಿದ್ದೆ, ಓಡುತ್ತಿದ್ದರೆ ಸಾಕು, ಎಲ್ಲಾದರೂ ಇರಲಿ ಎಂಬಷ್ಟು ಮೆತ್ತಗಾಗಿದ್ದೆ.

ಊಟದ ಮೇಜಿನ ಮೇಲೆ ಪೇಪರ್ ಹಾಸಿತ್ತು. ಚಕ್ಕುಲಿ ಡಬ್ಬ ಒಂದು ಕಡೆ, ಸ್ಕ್ರೂ ತುಂಬಿದ ಉಪ್ಪಿನಕಾಯಿ ಬಟ್ಟಲು ಒಂದು ಕಡೆ. ನಡುವೆ ಡಬ್ಬಿ, ಹೊಟ್ಟೆ ತೆರೆದುಕೊಂಡು. ನಡೆದದ್ದನ್ನು ಅಣ್ಣ ತುಂಡು ತುಂಡಾಗಿ ಹೇಳಿದ. ಬ್ಯಾಂಕಿನ ಹಳೆಯ ಸ್ನೇಹಿತರು ಮನೆಗೆ ಬಂದಿದ್ದರಂತೆ. ಬಂದವರಿಗೆ ತೋರಿಸೋಣವೆಂದು ಡಬ್ಬಿಗೆ ಘಮಘಮಿಸುವ ನಶ್ಯ ತುಂಬಿಸಿ, ಎಲ್ಲರಿಗೂ ಚಿಟಿಕೆ ಚಿಟಿಕೆ ಹಂಚಿದನಂತೆ. ಪೇಟೆಯಿಂದ ಯಾವುದೋ ಹಳೆ ಗಡಿಯಾರದ ಕೀ ತಂದು, ಅದು ಕೂರದಿದ್ದಾಗ ಇಕ್ಕಳದಲ್ಲಿ ಹಿಡಿದು ತಿರುವಿದನಂತೆ. ಸ್ಪ್ರಿಂಗ್ ಪೂರ್ತಿ ಬಿಗಿಯಾಯಿತು, ಹಾಡು ಮಾತ್ರ ಬರಲಿಲ್ಲ. ಬರುವುದು ಹೇಗೆ? ನಶ್ಯ ಸಂದಿನಿಂದ ಇಳಿದು ಚಕ್ರಗಳಿಗೆ ಮೆತ್ತಿಕೊಂಡಿತ್ತು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಬಿಚ್ಚಿದ.

ಉರುಳೆ ನಿಧಾನವಾಗಿ ತಿರುಗಲೆಂದು ಯಂತ್ರದ ಕೊನೆಯಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ. ಗಾಳಿಯನ್ನು ಕಡೆಯುತ್ತ ಅದು ವೇಗವನ್ನು ಹಿಡಿದಿಡುತ್ತದೆ. ಸ್ಪ್ರಿಂಗಿನ ಬಿಗಿ ಇಳಿಸದೆ ಆ ರೆಕ್ಕೆಯನ್ನು ಮುಟ್ಟಬಾರದು. ಕಾರ್ಖಾನೆಯಲ್ಲಿ ನಮಗೆ ಮೊದಲ ವಾರ ಹೇಳಿಕೊಟ್ಟ ಪಾಠವೇ ಅದು: ಮೊದಲು ಬಿಗಿ ಇಳಿಸು, ಆಮೇಲೆ ಸ್ಕ್ರೂ. ಅಣ್ಣ ಮೊದಲು ಸ್ಕ್ರೂ ತೆಗೆದ.

"ಪರ್ರ್ ಅಂತು ಅಷ್ಟೇ," ಎಂದ. "ಒಂದೇ ಕ್ಷಣ."

ಆ ಒಂದು ಕ್ಷಣದಲ್ಲಿ ಉರುಳೆ ಹುಚ್ಚೆದ್ದು ತಿರುಗಿ ಬಾಚಣಿಗೆಯನ್ನು ಬೋಳು ಮಾಡಿತ್ತು. ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದೆ. ಮುಳ್ಳುಗಳೆಲ್ಲ ಗಾಳಿಗೆ ಮಲಗಿದ ಪೈರಿನ ಹಾಗೆ ಒಂದೇ ಕಡೆ ಬಾಗಿದ್ದವು.

"ಮುರಿದ ಹಲ್ಲುಗಳೆಲ್ಲಿ?" ಎಂದು ಕೇಳಿದೆ. ಅವು ಸಿಕ್ಕಿದ್ದರೆ ಅಳತೆ ನೋಡಿ ಹೊಸದು ಮಾಡಿಸಬಹುದಿತ್ತು.

ಅತ್ತಿಗೆ, "ಕೆಳಗೆ ಏನೋ ಸಣ್ಣಸಣ್ಣಕ್ಕೆ ಬಿದ್ದಿತ್ತು. ಸಾಸಿವೆ ಅಂತ ಗುಡಿಸಿ ಹಾಕ್ಬಿಟ್ಟೆ. ಕಸದ ಗಾಡಿ ಬಂದು ಹೋಯ್ತು," ಎಂದಳು.

ಅಣ್ಣ ಕುರ್ಚಿಗೆ ಒರಗಿದ. "ನೀನು ಅವತ್ತೇ ಕೀ ಕೊಟ್ಟಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ ಕಣೇ. ನಿನ್ನ ಹಟ."

ನಾನು ಯಂತ್ರವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ನಶ್ಯ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಅತ್ತಿಗೆ ಅದನ್ನು ಅಳು ಎಂದುಕೊಂಡು ಮರುಗಿದಳೋ ಏನೋ, ಗಂಡನ ಕಡೆ ನೋಡಿ, "ಆ ಒಳಗಿನ ಸಾಮಾನು ಇವಳಿಗೇ ಕೊಟ್ಬಿಡ್ರೀ. ನಮಗ್ಯಾಕೆ? ಇವಳಾದ್ರೆ ಕೂತ್ಕೊಂಡು ಏನಾದ್ರೂ ಮಾಡ್ಕೋತಾಳೆ," ಎಂದಳು.

"ಹೌದು, ತಗೊಂಡ್ಹೋಗು," ಎಂದ ಅಣ್ಣ, ದೊಡ್ಡ ಮನಸ್ಸಿನಿಂದ. "ಅಪ್ಪ ನಿನಗೆ ಅಂದಿದ್ರಲ್ಲ. ಡಬ್ಬಿ ಇಲ್ಲಿರ್ಲಿ, ಹಾಡು ನಿನಗೆ. ಇಬ್ಬರಿಗೂ ಅರ್ಧರ್ಧ."

ಗಡಿಯಾರ ಮುಚ್ಚಳದಲ್ಲೇ ಉಳಿಯಬೇಕೆಂದು ಅತ್ತಿಗೆಯ ಇಷ್ಟ. ಓಡದಿದ್ದರೂ ಚಿಂತೆಯಿಲ್ಲವಂತೆ. "ಮುಳ್ಳು ಮಾತ್ರ ಅಂಗಡಿ ಜಾಹೀರಾತಲ್ಲಿ ಇರತ್ತಲ್ಲ, ಹತ್ತೂ ಹತ್ತು, ಹಾಗೆ ಇಟ್ಕೊಡು. ಲಕ್ಷಣವಾಗಿ ಕಾಣತ್ತೆ." ಇಟ್ಟುಕೊಟ್ಟೆ. ಆ ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಕೀ ಕೊಟ್ಟಿದ್ದರೆ ಆಗಲೇ ಓಡುತ್ತಿತ್ತು. ಕೀ ಚೀಲದಲ್ಲಿತ್ತು. ಕೊಡಲಿಲ್ಲ. ಅವರು ಕೇಳಲೂ ಇಲ್ಲ. ಚಕ್ಕುಲಿ ಹಾಕಿಕೊಟ್ಟರು, ಜೊತೆಗೆ ಯಂತ್ರವನ್ನು ಸ್ಟೀಲಿನ ತಿಂಡಿ ಡಬ್ಬಿಯಲ್ಲಿ ಹಾಕಿಕೊಟ್ಟರು. "ಡಬ್ಬಿ ವಾಪಸ್ ತಂದ್ಕೊಡು, ಸೆಟ್ಟಿಂದು," ಎಂದಳು ಅತ್ತಿಗೆ. ಆ ವಾರವೇ ತೊಳೆದು ಒರೆಸಿ ವಾಪಸು ಕೊಟ್ಟೆ.

ಯಂತ್ರ ಈಗ ನನ್ನ ಚೀಲದಲ್ಲಿದೆ. ಬೆಳಗಿನ ಕ್ರಮ ಚಿಕ್ಕದಾಗಿದೆ: ಸ್ನಾನ, ದೀಪ, ಕಾಫಿ.

ವರ್ಷದ ಶ್ರಾದ್ಧ ಅಣ್ಣನ ಮನೆಯಲ್ಲಿ. ಕರೆದರು, ಹೋದೆ. ಶ್ರಾದ್ಧ ಅಪ್ಪನದು, ಅಣ್ಣನದಲ್ಲ. ಮಡಿಯುಟ್ಟು ಬೆಳಿಗ್ಗೆಯೇ ಒಲೆಯ ಮುಂದೆ ನಿಂತೆ. ವಡೆ ಕರಿಯುವವಳು ನಾನೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹಜಾರದಲ್ಲಿ ಅದೇ ಪುರೋಹಿತರು, ಅದೇ ನಂಟರು. ದಾನಗಳ ಹೊತ್ತು ಬಂದಾಗ ಶೋಕೇಸಿನ ಗಾಜು ಸರಿದ ಸದ್ದು ಕೇಳಿಸಿತು. ಹಿರಣ್ಯದಾನದ ಮಂತ್ರ ಶುರುವಾಯಿತು. ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ಒಂದೇ ಡಬ್ಬಿಯನ್ನು ಒಬ್ಬನೇ ಮಗ ಒಬ್ಬನೇ ಅಪ್ಪನಿಗೆ ಎರಡನೆಯ ಸಲ ಕೊಡುತ್ತಿದ್ದ.

"ಏನೇ ಹೇಳು, ಇವನ ಕೈ ದೊಡ್ಡದು," ಎಂದರು ಚಿಕ್ಕಪ್ಪ. ಅವರಿಗೆ ಈಗ ಮರೆವು, ಹೋದ ಸಲದ್ದು ನೆನಪಿಲ್ಲ. ನೆನಪಿದ್ದವರು ಬಾಯಿಬಿಡಲಿಲ್ಲ.

ಪುರೋಹಿತರು ಡಬ್ಬಿಯನ್ನು ತೆಗೆದುಕೊಂಡಿರಬೇಕು. ಮಂತ್ರ ನಿಂತಿತು. ಮುಚ್ಚಳದ ಕಟಕ್ ಎಂಬ ಸಣ್ಣ ಸದ್ದು. ನನ್ನ ಕೈ ತಾನಾಗಿ ಬಾಣಲೆಯ ಮೇಲೆ ನಿಂತಿತು. ಹಜಾರದಲ್ಲಿ ಎಲ್ಲರೂ ಕಾದರು. ಏನೂ ಬರಲಿಲ್ಲ. ಯಾರೋ ಕೆಮ್ಮಿದರು. ಮುಚ್ಚಳ ಮತ್ತೆ ಮುಚ್ಚಿತು, ಮಂತ್ರ ಮುಂದುವರಿಯಿತು.

ಈ ಸಲ ವಡೆ ಸೀಯಲು ಬಿಡಲಿಲ್ಲ. ತಿರುವಿ ಹಾಕಿದೆ, ಕೆಂಪಗಾಗುತ್ತಲೇ ತೆಗೆದೆ.

ಎಲೆ ಹಾಕುವ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಕಂಡಿತು. ಅಣ್ಣ ಪುರೋಹಿತರನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಇಬ್ಬರೂ ತಲೆ ಬಗ್ಗಿಸಿ ಏನೋ ಮಾತಾಡಿದರು. ಆಮೇಲೆ ಪುರೋಹಿತರು ಕೈಕಾಲು ತೊಳೆಯಲು ಹಿತ್ತಲಿಗೆ ಬಂದು, ಕಿಟಕಿಯ ಕೆಳಗೆ ನಿಂತು, ಮೆಲ್ಲಗೆ ಕೇಳಿದರು: "ತಾಯಿ, ಡಬ್ಬಿ ಈ ಸಲ ಹಾಡಲಿಲ್ವಲ್ಲ?"

"ಹಾಡೋ ಭಾಗಕ್ಕೆ ನಿಷ್ಕ್ರಯ ಇಲ್ಲ ಶಾಸ್ತ್ರಿಗಳೇ," ಎಂದೆ. "ಎಲೆ ಹಾಕಿದೆ, ಬನ್ನಿ. ಆರಿದ್ರೆ ವಡೆ ಚೆನ್ನಾಗಿರಲ್ಲ."